ಅಭಿಮಾನದ ಎರಡು ಮುಖಗಳು: ಕಾರವಾರ-ಅಂಕೋಲೆಗಳ ಇತಿಹಾಸದಲ್ಲಿ ಒಂದು ಅವಲೋಕನ

ಮಾನವನ ಅಂತರಂಗವನ್ನು ಶೋಧಿಸಿದ ಅನುಭಾವಿಗಳೆಲ್ಲರೂ 'ನಾನು' ಎಂಬ ಭಾವದ ಎದುರಿಗೆ ಬಹಳ ಹೊತ್ತು ನಿಂತು ವಿಚಾರ ಮಾಡಿದ್ದಾರೆ. ಕಾಮ ಕ್ರೋಧಗಳನ್ನು ಗುರುತಿಸುವುದು ಸುಲಭ. ಅವು ಬಂದಾಗ ಬಂದುವೆಂದು ತಿಳಿಯುತ್ತದೆ. ಅಹಂಕಾರವಾದರೋ ಹಾಗಲ್ಲ. ಅದು ಸದ್ಗುಣಗಳ ವೇಷ ಧರಿಸಿಕೊಂಡೇ ಮನೆಯೊಳಗೆ ಬರುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪ ಎಂದು ಅಷ್ಟಮದಗಳನ್ನು ಎಣಿಸುವಾಗ ವಿದ್ಯೆಯನ್ನೂ ತಪಸ್ಸನ್ನೂ ಬಿಡಲಿಲ್ಲ. ಒಳ್ಳೆಯದೆಂದು ಲೋಕವು ಕೊಂಡಾಡುವ ವಸ್ತುವಿನಲ್ಲಿಯೂ ಮದವು ಮೊಳೆಯಬಲ್ಲದೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಹಂಕಾರವನ್ನು ಸುಡಬೇಕೆಂದು ಉಪದೇಶಿಸಿದ ಶರಣರೇ ಕಾಯಕದಿಂದ ಬದುಕಬೇಕು, ಯಾರ ಹಂಗಿನಲ್ಲಿಯೂ ಇರಬಾರದು ಎಂದೂ ಬೋಧಿಸಿದರಷ್ಟೆ. ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಭಾವಿಸಿದ ಬಸವಣ್ಣನವರು ಬಿಜ್ಜಳನ ಓಲಗದಲ್ಲಿ ತಲೆ ತಗ್ಗಿಸಿ ಬದುಕಿದವರಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ನಮಗೆ ಸಲ್ಲದ ಆಸೆಯೆಂದು ಹೇಳಿ, ಬಂದ ದಾರಿಯಲ್ಲಿಯೇ ಅದನ್ನು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಬಡತನದಲ್ಲಿ ಎಂತಹ ಘನತೆ ಇತ್ತು! ಅದನ್ನು ಗರ್ವವೆಂದು ಕರೆಯಲು ಯಾರಿಗೂ ನಾಲಗೆ ಬಾರದು. ಹಾಗಾದರೆ ಅಳಿಯಬೇಕಾದ ಅಭಿಮಾನ ಯಾವುದು, ಉಳಿಯಬೇಕಾದ ಅಭಿಮಾನ ಯಾವುದು? ಇವೆರಡನ್ನೂ ಬೇರ್ಪಡಿಸುವ ಗೆರೆ ಎಲ್ಲಿದೆ? ಈ ವಿವೇಕ ಇಲ್ಲದಲ್ಲಿ ದೈನ್ಯವು ವಿನಯವೆಂದೂ ದರ್ಪವು ಸ್ವಾಭಿಮಾನವೆಂದೂ ಚಲಾವಣೆಯಾಗುತ್ತವೆ. ಬಡವನಿಗೆ 'ವಿನಯದಿಂದಿರು' ಎಂದು ಹೇಳುವುದು, ಉಳ್ಳವನ ದರ್ಪಕ್ಕೆ 'ಮರ್ಯಾದೆ' ಎಂದು ಹೆಸರಿಡುವುದು, ಈ ಗೊಂದಲದ ಫಲವೇ ಆಗಿದೆ.

ತತ್ತ್ವದಲ್ಲಿ ತೊಡಕಾಗಿ ಕಾಣುವ ಈ ಪ್ರಶ್ನೆಗೆ ಇತಿಹಾಸವು ಕೆಲವೊಮ್ಮೆ ಸುಲಭವಾದ ಉತ್ತರವನ್ನು ಕೊಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲೆಗಳ ಕಳೆದ ಸುಮಾರು ನೂರ ನಲವತ್ತು ವರ್ಷಗಳ ವೃತ್ತಾಂತದಲ್ಲಿ ಅಂತಹ ಉತ್ತರವೊಂದು ದೊರೆಯುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಷ್ಟಮದಗಳಲ್ಲಿ ಕೊನೆಯದಾದ ತಪೋಮದದಿಂದಲೇ ಆರಂಭಿಸೋಣ. 1862ರಲ್ಲಿ ಉತ್ತರ ಕನ್ನಡವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿದ ಮೇಲೆ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಗಿ ಬೆಳೆಯಿತು. ಭಾರತೀಯರಲ್ಲಿ ಮೊಟ್ಟಮೊದಲು ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ಸತ್ಯೇಂದ್ರನಾಥ ಟಾಕೂರರು ಮುಂದೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಅವರ ಕಿರಿಯ ತಮ್ಮ ರವೀಂದ್ರನಾಥರು 1883ರಲ್ಲಿ, ತಮ್ಮ 22ರ ಹರೆಯದಲ್ಲಿ, ಅಣ್ಣನೊಡನೆ ಕಾರವಾರದಲ್ಲಿ ತಂಗಿದ್ದರು. ಅರ್ಧಚಂದ್ರಾಕಾರದ ಕಡಲ ತೀರ, ಗಾಳಿಮರಗಳ ಸಾಲು, ಬೆಳದಿಂಗಳಲ್ಲಿ ಕಾಳಿ ನದಿಯ ಮೇಲಿನ ದೋಣಿಯ ಪಯಣ, ನದಿಯ ದಂಡೆಯ ಹಳೆಯ ಕೋಟೆ, ರೈತನೊಬ್ಬನ ಮನೆಯ ಗುಡಿಸಿ ಸಾರಿಸಿದ ಅಂಗಳ, ಇವೆಲ್ಲವನ್ನೂ ಅವರು ತಮ್ಮ ಜೀವನಸ್ಮೃತಿಯಲ್ಲಿ ಪ್ರೀತಿಯಿಂದ ನೆನೆದಿದ್ದಾರೆ. ಇಂದಿಗೂ ಕಾರವಾರದ ಕಡಲ ತೀರವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಾರವಾರದಲ್ಲಿಯೇ ಅವರು ರಚಿಸಿದ ನಾಟಕ 'ಪ್ರಕೃತಿರ ಪ್ರತಿಶೋಧ'. ಅದು 1884ರಲ್ಲಿ ಅಚ್ಚಾಯಿತು. ಅದರ ನಾಯಕನೊಬ್ಬ ಸಂನ್ಯಾಸಿ. ಗುಹೆಯೊಳಗೆ ಕುಳಿತು ಸಕಲ ಬಂಧನಗಳನ್ನೂ ಕತ್ತರಿಸಿಕೊಂಡೆನೆಂದೂ ಪ್ರಕೃತಿಯನ್ನೇ ಗೆದ್ದೆನೆಂದೂ ಅವನು ನಂಬಿದ್ದಾನೆ. ಬೀದಿಯಲ್ಲಿ ಹೋಗುವ ಜನರ ಸಣ್ಣಪುಟ್ಟ ಸುಖದುಃಖಗಳನ್ನು ಕಂಡು ಅವನಿಗೆ ತಿರಸ್ಕಾರ. ಅಂಥವನ ಬಳಿಗೆ ಸಮಾಜವು ಮುಟ್ಟಲೊಲ್ಲದೆ ದೂರವಿಟ್ಟ ಅನಾಥ ಬಾಲೆಯೊಬ್ಬಳು ಆಶ್ರಯ ಕೇಳಿ ಬರುತ್ತಾಳೆ. ಅವಳ ಮೇಲೆ ಮಮತೆ ಹುಟ್ಟುತ್ತದೆ. ತನ್ನ ವೈರಾಗ್ಯಕ್ಕೆ ಭಂಗ ಬಂದೀತೆಂಬ ಭಯದಿಂದ ಅವನು ಅವಳನ್ನು ತೊರೆದು ಹೋಗುತ್ತಾನೆ. ಕೊನೆಗೆ ದಂಡ ಕಮಂಡಲುಗಳನ್ನು ಬಿಸುಟು ಹಿಂದಿರುಗಿ ಬರುವ ವೇಳೆಗೆ ಬಾಲೆ ತೀರಿಕೊಂಡಿರುತ್ತಾಳೆ.

ಈ ಕಥೆಯಲ್ಲಿ ಸೋತುದು ವೈರಾಗ್ಯವಲ್ಲ, ವೈರಾಗ್ಯದ ಗರ್ವ. ಸಂನ್ಯಾಸಿಯು ಎಲ್ಲವನ್ನೂ ಬಿಟ್ಟಿದ್ದನು, ಬಿಟ್ಟೆನೆಂಬುದನ್ನು ಮಾತ್ರ ಬಿಟ್ಟಿರಲಿಲ್ಲ. ಅವನ ಹಿರಿಮೆಗೆ ಇತರರ ಕಿರಿಮೆ ಬೇಕಾಗಿತ್ತು. ಬೀದಿಯ ಜನರು ಅಲ್ಪರಾಗಿದ್ದರೆ ಮಾತ್ರ ಅವನು ಮಹಾತ್ಮನಾಗಿರಬಲ್ಲನು. ಶೂನ್ಯಸಂಪಾದನೆಯನ್ನು ಬಲ್ಲ ನಮ್ಮ ವಾಚಕರಿಗೆ ಇಲ್ಲಿ ಸೊನ್ನಲಿಗೆಯ ಸಿದ್ಧರಾಮರ ಪ್ರಸಂಗ ನೆನಪಾಗದಿರದು. ಕೆರೆ ಕಟ್ಟೆ ದೇಗುಲಗಳನ್ನು ಕಟ್ಟಿಸಿದ ಆ ಮಹಾಪುರುಷರನ್ನು ಅಲ್ಲಮಪ್ರಭುಗಳು ಕಲ್ಲುಮಣ್ಣಿನ ಒಡ್ಡನೆಂದು ಕರೆದು ಕೆಣಕಿದುದು ಏತಕ್ಕೆ? ಲೋಕೋಪಕಾರವು ತಪ್ಪೆಂದಲ್ಲ. ಉಪಕಾರ ಮಾಡಿದೆನೆಂಬ ನೆನಪು ಲೋಕೋಪಕಾರಿಯ ತಲೆಯೇರಬಾರದೆಂದು. ಸಿದ್ಧರಾಮರು ಆ ಮಾತನ್ನು ಅರಗಿಸಿಕೊಂಡು ಕಲ್ಯಾಣಕ್ಕೆ ನಡೆದರು. ಟಾಕೂರರ ಸಂನ್ಯಾಸಿಗೆ ಅರಿವು ತಡವಾಗಿ ಬಂದಿತು.

ಇದು ಅಭಿಮಾನದ ಒಂದು ಮುಖ. ಇನ್ನೊಂದು ಮುಖವನ್ನು ಕಾಣಬೇಕಾದರೆ ಕಾರವಾರದಿಂದ ದಕ್ಷಿಣಕ್ಕೆ ನೆರೆಯ ಅಂಕೋಲೆಗೆ ಹೋಗಬೇಕು. ಕಾಲವೂ ಸುಮಾರು ಅರ್ಧ ಶತಮಾನದಷ್ಟು ಮುಂದೆ ಸಾಗಬೇಕು.

1930ರ ಏಪ್ರಿಲ್ 6ರಂದು ಮಹಾತ್ಮಾ ಗಾಂಧೀಜಿಯವರು ದಂಡಿಯಲ್ಲಿ ಉಪ್ಪಿನ ಕಾನೂನನ್ನು ಮುರಿದರು. ಒಂದು ವಾರದ ತರುವಾಯ, ಏಪ್ರಿಲ್ 13ರಂದು, ಅಂಕೋಲೆಯ ಕಡಲ ದಂಡೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅದೇ ಕಾನೂನು ಮುರಿಯಲ್ಪಟ್ಟಿತು. ಕನ್ನಡ ನಾಡಿನ ಉಪ್ಪಿನ ಸತ್ಯಾಗ್ರಹಕ್ಕೆ ಅಂಕೋಲೆಯೇ ಕೇಂದ್ರವಾಯಿತು. ಆದರೆ ಆ ತಾಲೂಕಿನ ಜನರ ಮನೋಬಲಕ್ಕೆ ನಿಜವಾದ ಪರೀಕ್ಷೆ ಬಂದುದು ಉಪ್ಪಿನಲ್ಲಿ ಅಲ್ಲ, ಅನಂತರದ ಕರನಿರಾಕರಣೆಯಲ್ಲಿ. ಘಟ್ಟದ ಮೇಲಿನ ಸಿರಸಿ, ಸಿದ್ದಾಪುರಗಳ ಕಡೆಗೆ ಬೆಳೆನಷ್ಟದಿಂದ ಕಂಗೆಟ್ಟ ರೈತರು ಕರ ಕೊಡಲಾರದ ಸ್ಥಿತಿಯಲ್ಲಿದ್ದರು. ಅಂಕೋಲೆಯ ರೈತರು ಸ್ವರಾಜ್ಯದ ಸಲುವಾಗಿಯೇ ಕರ ಕೊಡೆವೆಂದು ನಿಂತವರು. ನಾಡವರೇ ಮೊದಲಾದ ಒಕ್ಕಲು ಮನೆತನಗಳು ಈ ಹೋರಾಟದ ಬೆನ್ನೆಲುಬಾದವು. ಗುಜರಾತಿನ ಬಾರ್ಡೋಲಿಯ ರೈತರು 1928ರಲ್ಲಿ ಮೆರೆದ ಧೈರ್ಯವನ್ನು ನೆನೆದು ಜನರು ಅಂಕೋಲೆಯನ್ನು 'ಕರ್ನಾಟಕದ ಬಾರ್ಡೋಲಿ' ಎಂದು ಕರೆದರು.

ಸರಕಾರವು ಸುಮ್ಮನಿರಲಿಲ್ಲ. ಜಪ್ತಿ ಆರಂಭವಾಯಿತು. ದನಕರು, ಪಾತ್ರೆ ಪಡಗ, ಬೆಳೆದ ಭತ್ತ ಹರಾಜಿಗೆ ಹೋದವು. ಕೊನೆಗೆ ಹೊಲಗದ್ದೆಗಳೇ ಹೋದವು. 1931ರ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾದಾಗ ಚಳವಳಿ ನಿಂತಿತಾದರೂ, ಅಷ್ಟರೊಳಗೆ ಮೂರನೆಯವರಿಗೆ ಮಾರಾಟವಾಗಿ ಹೋಗಿದ್ದ ಭೂಮಿ ಒಪ್ಪಂದದ ಮೇರೆಗೆ ಮರಳಿ ಬರುವಂತಿರಲಿಲ್ಲ. ಈ ಕಹಿಯನ್ನು ಕಂಡುಂಡ ಮೇಲೆಯೂ 1932ರಲ್ಲಿ ಕರೆ ಬಂದಾಗ ಅದೇ ಜನರು ಮತ್ತೆ ಕರ ನಿಲ್ಲಿಸಿದರೆಂಬುದು ಲಕ್ಷ್ಯದಲ್ಲಿಡಬೇಕಾದ ಸಂಗತಿ. ಮೊದಲ ಸಲದ ಧೈರ್ಯಕ್ಕೆ ಉತ್ಸಾಹವು ಕಾರಣವಾಗಿರಬಹುದು. ಏನು ಕಳೆದುಕೊಳ್ಳುವೆವೆಂದು ತಿಳಿದ ಮೇಲೆ ಎರಡನೆಯ ಸಲ ನಿಲ್ಲುವುದಕ್ಕೆ ಉತ್ಸಾಹವೊಂದೇ ಸಾಲದು.

ಆ ರೈತನ ಮನಸ್ಸಿನೊಳಗೆ ನಡೆದುದೇನು? ಅವನು ಕೊಡಬೇಕಾಗಿದ್ದ ಕರವನ್ನು ಕೊಟ್ಟಿದ್ದರೆ ತಲೆಮಾರುಗಳಿಂದ ಉಳುತ್ತ ಬಂದ ಭೂಮಿ ಉಳಿಯುತ್ತಿತ್ತು. ಲಾಭನಷ್ಟದ ಲೆಕ್ಕದಲ್ಲಿ ಅವನದು ಮೂರ್ಖತನ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞರು 1890ರಲ್ಲಿ ಪ್ರಕಟಿಸಿದ ತಮ್ಮ ಮಹಾಗ್ರಂಥದಲ್ಲಿ ಆತ್ಮಗೌರವಕ್ಕೆ ಒಂದು ಸೂತ್ರವನ್ನೇ ಹಾಕಿಕೊಟ್ಟಿದ್ದಾರೆ. ಮನುಷ್ಯನು ಸಾಧಿಸಿದುದನ್ನು ಅವನು ಆಕಾಂಕ್ಷಿಸಿದುದರಿಂದ ಭಾಗಿಸಿದರೆ ಬರುವುದೇ ಅವನ ಆತ್ಮಗೌರವವೆಂದು ಅವರ ಅಭಿಪ್ರಾಯ. ಸಾಧನೆ ಹೆಚ್ಚಿದರೂ ಅದು ಹೆಚ್ಚುತ್ತದೆ. ಆಕಾಂಕ್ಷೆಯನ್ನು ಬಿಟ್ಟುಕೊಟ್ಟರೂ ಹೆಚ್ಚುತ್ತದೆ. 'ನಾನು' ಎಂಬುದರಲ್ಲಿ ಅವರು ಪದರಗಳನ್ನೂ ಗುರುತಿಸಿದ್ದಾರೆ: ಮೈ, ಮನೆ, ಆಸ್ತಿಗಳಿಗೆ ಅಂಟಿಕೊಂಡ ನಾನು, ಇತರರ ಕಣ್ಣಿನಲ್ಲಿ ಬದುಕುವ ನಾನು, ಇವೆರಡಕ್ಕೂ ಒಳಗಿರುವ ಆಂತರಿಕ ನಾನು. ಅಂಕೋಲೆಯ ರೈತನು ಈ ಸೂತ್ರಕ್ಕೆ ಭಾಷ್ಯವನ್ನು ಬರೆದಂತಿದೆ. ಆಸ್ತಿಯ 'ನಾನು' ಹರಾಜಾದಾಗ ಒಳಗಿನ 'ನಾನು' ಕುಗ್ಗಲಿಲ್ಲ, ಬೆಳೆಯಿತು. ಜಪ್ತಿಗೆ ಸಿಗುವುದೆಲ್ಲ ತನ್ನದಲ್ಲ, ಸಿಗದೆ ಉಳಿಯುವುದೇ ತನ್ನದು ಎಂಬ ಅರಿವು ಅವನಿಗೆ ಬಂದಿತು. ಶರಣರು ತನು ಮನ ಧನಗಳನ್ನು ಸವೆಸುವುದೆಂದು ಹೇಳಿದ ಸಾಧನೆಯನ್ನು ಪುಸ್ತಕ ಓದದ ಒಕ್ಕಲಿಗನು ಗದ್ದೆಯ ಬದುವಿನಲ್ಲಿ ನಿಂತು ನಡೆಸಿದನು.

ಇದೇ ಕಾಲದಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ನಡೆದ ಮಹಿಳೆಯರ ಸತ್ಯಾಗ್ರಹವು ಇನ್ನೊಂದು ಸೂಕ್ಷ್ಮವನ್ನು ತಿಳಿಸುತ್ತದೆ. ಹರಾಜಿನಲ್ಲಿ ಜಪ್ತಿಯ ಸೊತ್ತನ್ನು ಕೊಂಡವರ ಮನೆಯ ಮುಂದೆ ತಾಯಂದಿರು ಉಪವಾಸ ಕುಳಿತರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಬೈಗುಳವೂ ಇರಲಿಲ್ಲ. ಕೊಂಡವನಿಗೂ ಮಾನವಿದೆ, ಅವನೊಳಗೂ ನಾಚುವ ಮನಸ್ಸಿದೆ ಎಂಬ ನಂಬಿಕೆಯೊಂದೇ ಅವರ ಆಯುಧ. ಅಹಂಕಾರಿಯು ಎದುರಾಳಿಯ ಮಾನವನ್ನು ಕಳೆಯಲು ನೋಡುತ್ತಾನೆ. ಸ್ವಾಭಿಮಾನಿಯು ಎದುರಾಳಿಯಲ್ಲಿ ನಿದ್ರಿಸುತ್ತಿರುವ ಮಾನವನ್ನು ಎಚ್ಚರಿಸುತ್ತಾನೆ. ಎರಡಕ್ಕೂ ಇರುವ ಅಂತರವನ್ನು ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯದು.

ಇದೇ ಜಿಲ್ಲೆಯ ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು ಬಸವತತ್ತ್ವವನ್ನೂ ಗಾಂಧೀತತ್ತ್ವವನ್ನೂ ಒಂದೇ ಬದುಕಿನಲ್ಲಿ ಕೂಡಿಸಿದವರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಗೆ ನಾಂದಿ ಹಾಡಿದವರೂ, 1927ರಲ್ಲಿ ಆಲಮಟ್ಟಿಯಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದವರೂ ಅವರೇ. ಕೈಯಿಂದ ದುಡಿದು ಉಣ್ಣುವವನು ಯಾರಿಗೂ ಅಂಜಬೇಕಾದುದಿಲ್ಲ, ಯಾರನ್ನೂ ಅಂಜಿಸಬೇಕಾದುದೂ ಇಲ್ಲ ಎಂಬ ಕಾಯಕದ ತಿರುಳು ಅವರ ಸರಳ ಜೀವನದಲ್ಲಿ ಮೂರ್ತಗೊಂಡಿತ್ತು.

1937ರಲ್ಲಿ ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ನೇತೃತ್ವದಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಮರುವರ್ಷ, 1938ರಲ್ಲಿ, ಜಪ್ತಿಯಾದ ಭೂಮಿಯನ್ನು ಮೂಲ ಒಡೆಯರಿಗೆ ಹಿಂದಿರುಗಿಸುವ ಕಾಯಿದೆಯಾಯಿತು. ಕಥೆ ಇಲ್ಲಿಗೆ ಮಂಗಲವಾಯಿತೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಸ್ವಾಭಿಮಾನಕ್ಕೆ ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಅದು ಮೊದಲಿನದಕ್ಕಿಂತ ಕಠಿಣವಾದುದು.

ಆ ಪರೀಕ್ಷೆಯ ಸೂಚನೆಯನ್ನು ಗಾಂಧೀಜಿಯವರೇ ಮೊದಲು ಕೊಟ್ಟಿದ್ದರು. 1934ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಅವರು ಈ ಜಿಲ್ಲೆಗೆ ಬಂದುದು ಹರಿಜನ ಸೇವೆಯ ಯಾತ್ರೆಗಾಗಿ. ಪರಕೀಯರ ಮುಂದೆ ತಲೆ ಎತ್ತಿ ನಿಂತ ಜನರ ಬಳಿಗೆ ಬಂದು, ನಿಮ್ಮ ಊರಿನಲ್ಲಿಯೇ ತಲೆ ತಗ್ಗಿಸಿ ನಿಂತವರ ಗತಿಯೇನು ಎಂದು ವಿಚಾರಿಸುವುದೇ ಆ ಯಾತ್ರೆಯ ತಾತ್ಪರ್ಯವಾಗಿತ್ತು. ಈ ಪ್ರಶ್ನೆಯು ಅಸ್ಪೃಶ್ಯತೆಯೊಂದಕ್ಕೇ ಸೀಮಿತವಾಗುವಂತಿರಲಿಲ್ಲ. ಕರಾವಳಿಯಲ್ಲಿ ಉಳುವವರಲ್ಲಿ ಬಹುಮಂದಿ ಗೇಣಿದಾರರು. ಮೂಲಗೇಣಿಯವನಿಗೆ ಕೊಂಚ ಭದ್ರತೆ ಇದ್ದರೆ, ಚಾಲಗೇಣಿಯವನು ಒಡೆಯನು ಎಬ್ಬಿಸಿದ ದಿನ ಏಳಬೇಕಾದವನು. ಬೆಳೆದುದರ ದೊಡ್ಡ ಪಾಲನ್ನು ಒಡೆಯನ ಕಣಜಕ್ಕೆ ಅಳೆದುಕೊಟ್ಟು, ಅವನ ಅಂಗಳದಲ್ಲಿ ಕೈಕಟ್ಟಿ ನಿಲ್ಲುವುದೇ ಅವನ ಪಾಲಿನ ಬದುಕು. ಸರಕಾರಕ್ಕೆ ಬಾಗಲಾರೆನೆಂದ ಊರಿನಲ್ಲಿ ಗೇಣಿದಾರನು ಬಾಗಿಯೇ ನಡೆಯುತ್ತಿದ್ದನು.

ಇದನ್ನು ಕಂಡು ಮರುಗಿ ರೈತರನ್ನು ಸಂಘಟಿಸಿದವರು ಅಂಕೋಲೆ ತಾಲೂಕಿನ ಸುಪುತ್ರರಾದ ದಿನಕರ ದೇಸಾಯಿಯವರು. 1909ರಲ್ಲಿ ಜನಿಸಿದ ಅವರು ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿ ಸೇವಾವ್ರತವನ್ನು ಕೈಕೊಂಡಿದ್ದರು. ಅವರ ರೈತ ಚಳವಳಿಯ ಫಲವಾಗಿ 1940ರಲ್ಲಿ ಸರಕಾರವು ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಐದು ವರ್ಷಗಳ ಕಾಲ ಅವರು ಹುಟ್ಟಿದ ನೆಲಕ್ಕೆ ಕಾಲಿಡುವಂತಿರಲಿಲ್ಲ. ಅವಧಿ ಮುಗಿದ ಮೇಲೆ ದ್ವೇಷ ಸಾಧಿಸಲು ಅವರು ಬರಲಿಲ್ಲ. ವಿದ್ಯೆಯನ್ನು ಹಂಚಲು ಬಂದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಹಳ್ಳಿಯ ಮಕ್ಕಳಿಗಾಗಿ ಜನತಾ ವಿದ್ಯಾಲಯಗಳನ್ನು ತೆರೆದರು. ಗೋಖಲೆಯವರ ಜನ್ಮಶತಾಬ್ದಿಯಾದ 1966ರಲ್ಲಿ ಅಂಕೋಲೆಗೆ ಕಾಲೇಜು ಬಂದಿತು. 1967ರಲ್ಲಿ ಪಕ್ಷೇತರರಾಗಿ ನಿಂತ ಅವರನ್ನು ಜಿಲ್ಲೆಯ ಜನರು ಲೋಕಸಭೆಗೆ ಆರಿಸಿ ಕಳುಹಿಸಿದರು. ಚುಟುಕುಗಳ ಕವಿಯೆಂದು ನಾಡು ಅವರನ್ನು ಬಲ್ಲುದಾದರೂ, ಗೇಣಿದಾರನ ಮಗನನ್ನು ಶಾಲೆಯ ಬೆಂಚಿನ ಮೇಲೆ ಕೂರಿಸಿ ಅವನ ಬೆನ್ನನ್ನು ನೆಟ್ಟಗೆ ಮಾಡಿದ ಉಪಕಾರವು ಅವರ ಕವಿತೆಗಿಂತ ಕಡಿಮೆಯದಲ್ಲ. 1982ರಲ್ಲಿ ಅವರು ಕಾಲವಾದರು.

ಉಳುವವನ ಕೈಗೆ ಭೂಮಿ ಬಂದುದು ಕರ್ನಾಟಕ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾದ ಮೇಲೆ. ಗೇಣಿದಾರನು ಭೂ ನ್ಯಾಯಮಂಡಳಿಯ ಮುಂದೆ ನಿಂತು ತನ್ನ ಹಕ್ಕನ್ನು ತಾನೇ ಹೇಳಿಕೊಂಡನು. ಒಡೆಯರ ಪೈಕಿ ಕೆಲವರು ಇದನ್ನು ಅಪಮಾನವೆಂದು ತಿಳಿದರು. ಕೆಲವರು ನ್ಯಾಯವೆಂದು ಒಪ್ಪಿಕೊಂಡರು. ಯಾರ ಅಭಿಮಾನವು ಯಾವ ಜಾತಿಯದೆಂಬುದು ಆಗ ತಾನಾಗಿ ಬಯಲಾಯಿತು. ತನ್ನ ಮಾನಕ್ಕಾಗಿ ಹೋರಾಡಿ ಗೆದ್ದವನು ಇನ್ನೊಬ್ಬನ ಮಾನವನ್ನು ಕಂಡು ಸಂತೋಷಪಟ್ಟರೆ ಅದು ಸ್ವಾಭಿಮಾನ; ಕಂಡು ಕೆರಳಿದರೆ ಅವನಲ್ಲಿದ್ದುದು ಮೊದಲಿನಿಂದಲೂ ಅಹಂಕಾರವೇ. ನಾವು ಹುಡುಕುತ್ತಿದ್ದ ಗೆರೆ ಇದೇ. ಅಹಂಕಾರಕ್ಕೆ ಕೆಳಗೊಬ್ಬರು ಬೇಕು. ಸ್ವಾಭಿಮಾನಕ್ಕೆ ಸುತ್ತಮುತ್ತ ಸರಿಸಮಾನರು ಬೇಕು. ಗರ್ವವು ಬಹುಮಟ್ಟಿಗೆ ಕೀಳರಿಮೆಯನ್ನು ಮುಚ್ಚಿಡುವ ಹೊದಿಕೆಯೆಂದು ವಿಯೆನ್ನಾದ ಆಲ್‌ಫ್ರೆಡ್ ಆಡ್ಲರರು ಹೇಳಿರುವುದೂ ಇದಕ್ಕೆ ಹೊಂದುತ್ತದೆ. ಒಳಗೆ ಬಡವನಾದವನಿಗೆ ಹೊರಗೆ ಮೆರವಣಿಗೆ ಬೇಕಾಗುತ್ತದೆ.

ಇತ್ತೀಚಿನ ಒಂದು ದೃಶ್ಯವನ್ನು ಇಲ್ಲಿ ನೆನೆಯೋಣ. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಲು ಅಂಕೋಲೆ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ತಮ್ಮ ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ ನಡೆದು ಬಂದರು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಿನಗೂಲಿಗೆ ಸೇರಿ ದಶಕಗಳ ಕಾಲ ಗಿಡಗಳನ್ನು ಮಕ್ಕಳಂತೆ ಬೆಳೆಸಿದವರು ಅವರು. ಅದಕ್ಕೆ ಮೊದಲು, 2017ರಲ್ಲಿ, ಅದೇ ಜನಾಂಗದ ಸುಕ್ರಿ ಬೊಮ್ಮಗೌಡರಿಗೆ ಆ ಗೌರವ ಸಂದಿತ್ತು. ಹಾಡುಗಳ ಕಣಜವಾಗಿದ್ದ ಅವರು ಊರಿನಲ್ಲಿ ಮದ್ಯಪಾನದ ವಿರುದ್ಧವೂ ಹೋರಾಡಿದವರು. ತುಳಸಿ ಗೌಡರು 2024ರ ಡಿಸೆಂಬರಿನಲ್ಲಿಯೂ ಸುಕ್ರಿಯವರು 2025ರ ಫೆಬ್ರವರಿಯಲ್ಲಿಯೂ ಲಿಂಗೈಕ್ಯರಾದರೆಂದು ನಮ್ಮ ಮಾತಿನಲ್ಲಿ ಹೇಳಬಹುದು. ಅರಮನೆಯ ನೆಲಗಂಬಳಿಯ ಮೇಲೆ ಆ ಬರಿಗಾಲುಗಳು ಹಿಂಜರಿಯಲೂ ಇಲ್ಲ, ಮೆರೆಯಲೂ ಇಲ್ಲ. ತಾನು ಇದ್ದಂತೆಯೇ ಇರುವುದಕ್ಕೆ ನಾಚದಿರುವುದು, ತಾನು ಮಾಡಿದ ಕಾಯಕಕ್ಕೆ ಬೀಗದಿರುವುದು, ಇವೆರಡೂ ಒಬ್ಬರಲ್ಲಿಯೇ ಕೂಡಿ ಇರಬಲ್ಲವೆಂಬುದಕ್ಕೆ ಆ ತಾಯಿಯ ನಡಿಗೆಯೇ ಪ್ರಮಾಣ.

ಕೊನೆಯದಾಗಿ, ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಬಡ ಮನೆಯಿಂದ ಬಂದ ಹುಡುಗನಿಗೆ ಮಠವು ಬಡಿಸಿದ ಅನ್ನವನ್ನು ಹಿರಿಯರು ಭಿಕ್ಷೆಯೆನ್ನಲಿಲ್ಲ, ದಾನವೆಂದೂ ಕರೆಯಲಿಲ್ಲ; ಪ್ರಸಾದವೆಂದರು. ಭಿಕ್ಷೆಯಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ಪ್ರಸಾದದಲ್ಲಿ ಬಡಿಸಿದವನೂ ಉಂಡವನೂ ಒಂದೇ ಪಂಕ್ತಿಯವರು. ಆ ಒಂದು ಶಬ್ದದಿಂದ ಎಷ್ಟು ಸಾವಿರ ಬಾಲಕರ ಮಾನವು ಉಳಿದಿದೆಯೋ ಬಲ್ಲವರಾರು! ಅಂದು ಹೀಗೆ ಕಾಪಾಡಲ್ಪಟ್ಟ ಮಾನವನ್ನು ಇಂದು ನಾವು ಯಾರಿಗೆ ಹಂಚುತ್ತಿದ್ದೇವೆ? ನಮ್ಮ ಕಚೇರಿಯ ಬಾಗಿಲಲ್ಲಿ ನಿಂತ ಅರ್ಜಿದಾರನಿಗೋ, ಮನೆಗೆಲಸಕ್ಕೆ ಬರುವ ತಾಯಿಗೋ, ಹೊಲದಲ್ಲಿ ದುಡಿಯುವ ಆಳಿಗೋ? ಅಥವಾ ನಮ್ಮ ವಿದ್ಯೆ, ಪದವಿ, ಕೊಟ್ಟ ದೇಣಿಗೆ, ಕೊನೆಗೆ ನಮ್ಮ ಭಕ್ತಿಯೂ ಕೂಡ ಕಾರವಾರದ ಸಂನ್ಯಾಸಿಯ ಗುಹೆಯಾಗಿ ನಮ್ಮನ್ನು ಮುಚ್ಚಿಕೊಂಡಿದೆಯೇ?

ಅಂಕೋಲೆಯ ರೈತನು ಕಳೆದುಕೊಂಡ ಭೂಮಿ ಕಾಯಿದೆಯಿಂದ ಮರಳಿ ಬಂದಿತು. ಮಾನವು ಹಾಗೆ ಕಾಯಿದೆಯಿಂದ ಬರುವ ವಸ್ತುವಲ್ಲ. ಅದನ್ನು ತನ್ನಲ್ಲಿ ಉಳಿಸಿಕೊಂಡು ಇತರರಲ್ಲಿ ಬೆಳೆಸುವವನೇ ನಿಜವಾದ ಭಕ್ತನು. ಅಹಂಕಾರವು ಅಳಿದು ಸ್ವಾಭಿಮಾನವು ಉಳಿಯುವ ಆ ಸಮತೆಯ ಪಂಕ್ತಿಯಲ್ಲಿ ನಮಗೆಲ್ಲರಿಗೂ ಎಡೆ ದೊರೆಯಲಿ.